ಊರಿನ ಕಿರ್ದಿ ಬರೆಯುವವರು ಯಾರು?

ಸಂಜೆ ಹೊತ್ತು ವಿಜಯಪುರದ ಬಸ್ ನಿಲ್ದಾಣದಲ್ಲಿ ಇಟ್ಟಂಗಿಹಾಳದ ಕಡೆ ಹೋಗುವ ಹುಡುಗನೊಬ್ಬನನ್ನು ನಿಲ್ಲಿಸಿ, "ತಮ್ಮಾ, ನಿಮ್ಮೂರಿಗೆ ಇಟ್ಟಂಗಿ ಅಂತ ಯಾಕ ಹೆಸರು ಬಂತು?" ಎಂದು ಕೇಳಿ ನೋಡಬೇಕು. "ಯಾರಿಗ್ಗೊತ್ರೀ, ನಮ್ಮ ಮುತ್ಯಾನ್ನ ಕೇಳಬೇಕು" ಎನ್ನುತ್ತಾನೆ. ಮುತ್ಯಾ ಎಲ್ಲಿದ್ದಾರೆ ಎಂದರೆ, "ಮುತ್ಯಾ ಹೋಗಿ ಎರಡು ವರ್ಸಾತ್ರಿ" ಎಂಬ ಉತ್ತರ ಬಂದರೂ ಬರಬಹುದು. ಅಲ್ಲಿಗೆ ಮಾತು ಮುಗಿಯಿತು. ಬಸ್ಸು ಬಂತು, ಹುಡುಗ ಹತ್ತಿ ಹೋದ.

ಇದು ಇಟ್ಟಂಗಿಹಾಳ ಒಂದರ ಕಥೆಯಲ್ಲ. ತಿಕೋಟಾ, ಬಬಲೇಶ್ವರ ಸುತ್ತಲಿನ ಯಾವ ಹಳ್ಳಿಗೆ ಹೋದರೂ ಹಣೆಬರಹ ಇದೇ. ಹತ್ತು ರೂಪಾಯಿಯ ಚಹಾಪುಡಿ ಉದ್ರಿ ಕೊಟ್ಟರೂ ಅಂಗಡಿಯವರು ಕಿರ್ದಿಯಲ್ಲಿ ಹೆಸರು, ತಾರೀಖು ಬರೆದಿಡುತ್ತಾರೆ. ಬರೆಯದಿದ್ದರೆ ರೊಕ್ಕ ಮುಳುಗಿತೆಂದೇ ಲೆಕ್ಕ. ಆದರೆ ಊರಿಗೆ ಬಾವಿ ತೋಡಿಸಿದವರು, ನಡುರಾತ್ರಿ ಕಂದೀಲು ಹಿಡಿದು ಬಂದು ಹೆರಿಗೆ ಮಾಡಿಸಿದ ಸೂಲಗಿತ್ತಿ, ಮರದ ಕೆಳಗೆ ಮಕ್ಕಳನ್ನು ಕೂಡಿಸಿ ಅಕ್ಷರ ತಿದ್ದಿಸಿದ ಮಾಸ್ತರರು, ಇವರೆಲ್ಲರ ಉದ್ರಿ ಯಾವ ಕಿರ್ದಿಯಲ್ಲಿದೆ? ಎಲ್ಲಿಯೂ ಇಲ್ಲ. ಊರಿನ ಮಂದಿ ಇಷ್ಟು ದೊಡ್ಡ ಸಾಲಗಾರರಾಗಿ, ಸಾಲದ ಚೀಟಿಯನ್ನೇ ಕಳೆದುಕೊಂಡು ಕೂತಿದ್ದಾರೆ.

ರಾಜರ ಲೆಕ್ಕವೇನೋ ಸರಿಯಾಗಿಯೇ ಇದೆ. ಗೋಳಗುಮ್ಮಟದ ಕೆಳಗೆ ಮಲಗಿದವನು ಮಹಮ್ಮದ್ ಆದಿಲ್‌ಶಾಹ, ತೀರಿಕೊಂಡದ್ದು 1656ರಲ್ಲಿ, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್ ಎಂದು ಗೈಡುಗಳು ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟು ದೊಡ್ಡ ಗುಮ್ಮಟ ನಿಂತಿರುವುದು ಇಟ್ಟಂಗಿ ಮತ್ತು ಸುಣ್ಣದ ಗಾರೆಯ ಮೇಲೆ. ಆ ಇಟ್ಟಂಗಿ ಸುಟ್ಟವರು ಯಾರು, ತಲೆಯ ಮೇಲೆ ಹೊತ್ತು ಮೇಲೇರಿದವರು ಯಾರು? ಅವರ ಹೆಸರು ಯಾವ ಗೈಡಿನ ಬಾಯಲ್ಲೂ ಬರುವುದಿಲ್ಲ. ಪಿಸುಗುಟ್ಟಿದ್ದನ್ನೂ ಮರಳಿ ಕೇಳಿಸುವ ಗುಮ್ಮಟ ಅದು. ಕಟ್ಟಿದವರ ದನಿಯನ್ನು ಮಾತ್ರ ಅದೂ ಕೇಳಿಸಲಿಲ್ಲ.

ಮನೆ ಮಾರಿದ ವಕೀಲರು

ಬರೆದಿಡುವ ಕೆಲಸ ಈ ಜಿಲ್ಲೆಗೆ ಹೊಸದೇ ಎಂದು ಯಾರಾದರೂ ಕೇಳಿದರೆ, ಅಲ್ಲವೇ ಅಲ್ಲ ಎನ್ನಬೇಕಾಗುತ್ತದೆ. ಈ ಕೆಲಸದಲ್ಲಿ ನಾಡಿಗೇ ಗುರುವಾದ ಊರು ಇದು.

ಡಾ. ಫ.ಗು. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ ಧಾರವಾಡದಲ್ಲಿ. ದುಡಿದದ್ದು, 1964ರಲ್ಲಿ ಮಣ್ಣಾದದ್ದು ಬಿಜಾಪುರದಲ್ಲಿ. ವೃತ್ತಿಯಿಂದ ವಕೀಲರು. ಕರಿ ಕೋಟು ಹಾಕಿಕೊಂಡು ಕಕ್ಷಿದಾರರ ಫೀಸು ಎಣಿಸುತ್ತ ಕೂತಿದ್ದರೆ ದೊಡ್ಡ ಬಂಗಲೆ ಕಟ್ಟಬಹುದಿತ್ತು. ಅವರು ಮಾಡಿದ್ದೇ ಬೇರೆ. ಮನೆತನಗಳ ಅಟ್ಟದಲ್ಲಿ, ಮಠಗಳ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿದ್ದ ತಾಳೆಗರಿಗಳನ್ನು ಹುಡುಕಿಕೊಂಡು ಊರೂರು ಅಲೆದರು. ಒಂದು ಪ್ರತಿಯನ್ನು ಇನ್ನೊಂದಕ್ಕೆ ತಾಳೆ ನೋಡಿ ವಚನಗಳನ್ನು ಬಿಡಿಸಿ ಬರೆದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. ಅಚ್ಚು ಹಾಕಿಸುವ ತೊಂದರೆ ಸಾಕಾಗಿ, ಇದ್ದ ಮನೆಯನ್ನು ಮಾರಿ 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನೇ ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ ಬಂದವು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಇಂದು ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರು ನಾಡಿಗೆ ಗೊತ್ತಿದ್ದರೆ ಅದಕ್ಕೆ ಬುನಾದಿ ಈ ವಕೀಲರ ತಿರುಗಾಟ. ಆ ವಚನಕಾರರೆಲ್ಲ ಯಾರು? ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು, ಅಕ್ಕಿ ಆಯುವವರು, ಬಟ್ಟೆ ನೇಯುವವರು. ದುಡಿದು ಉಣ್ಣುವ ಮಂದಿಯ ಮಾತಿಗೆ ಬೆಲೆ ಇದೆ ಎಂದು ತಿಳಿದ ಮನುಷ್ಯ ಸ್ವಂತ ಮನೆಯನ್ನೇ ಕೊಟ್ಟ. ಈಗ ಸರಕಾರ ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಹಾರ ಬೀಳುತ್ತದೆ, ಭಾಷಣ ಆಗುತ್ತದೆ. ಜುಲೈ 3ಕ್ಕೆ ಯಾರ ಅಟ್ಟವನ್ನು ಯಾರು ಹತ್ತಿ ನೋಡುತ್ತಾರೆ?

ಬೀಸುವ ಕಲ್ಲಿನ ಮುಂದೆ

ಭೀಮಾ ತೀರದ ಹಲಸಂಗಿಯ ಗೆಳೆಯರದು ಇನ್ನೊಂದು ಸಾಹಸ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಇವರ್ಯಾರೂ ಶ್ರೀಮಂತರಲ್ಲ, ಅಧಿಕಾರಿಗಳಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ತಾಯಂದಿರು ಹಾಡುವುದನ್ನು ಇವರು ಕಿವಿಗೊಟ್ಟು ಕೇಳಿದರು, ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು.

ಮುಂದೆ ಊರೂರಿಗೆ ಹಿಟ್ಟಿನ ಗಿರಣಿ ಬಂತು. ತಾಯಂದಿರ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಕಲ್ಲು ನಿಂತ ಮೇಲೆ ಹಾಡೂ ನಿಂತಿತು. ಈ ಗೆಳೆಯರು "ಮುಂದಿನ ವರ್ಷ ನೋಡಿದರಾಯ್ತು ಬಿಡು" ಎಂದಿದ್ದರೆ ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವು? ಉಳಿದದ್ದರಲ್ಲೂ ಒಂದು ಕೊರತೆ ಇದೆ. ಹಾಡು ಉಳಿಯಿತು, ಹಾಡಿದ ಎಷ್ಟೋ ತಾಯಂದಿರ ಹೆಸರು ಉಳಿಯಲಿಲ್ಲ.

ಕಿಸೆ ಇಲ್ಲದ ಅಂಗಿ

ಈಗ ಹತ್ತಿರದ ಮಾತಿಗೆ ಬರೋಣ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳನ್ನು ನೋಡದ, ಅವರ ಪ್ರವಚನ ಕೇಳದ ಮನೆ ಈ ಭಾಗದಲ್ಲಿ ಕಡಿಮೆ. ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೆ ಬೇಡವೆಂದು ವಿನಯದಿಂದ ಮರಳಿಸಿದರು. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಅವರು ಹೋದಾಗ ಊರಿಗೆ ಊರೇ ಬೀದಿಗೆ ಬಂದು ನಿಂತಿತು. ಅಂಗಡಿಗಳು ತಾವಾಗಿಯೇ ಬಾಗಿಲು ಹಾಕಿದವು. ಮೊದಲೇ ಬರೆದಿಟ್ಟ ಪತ್ರದಲ್ಲಿ, ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು ಅವರು ತಿಳಿಸಿದ್ದರು. ಹಾಗೆಯೇ ಆಯಿತು.

ಇಲ್ಲಿ ಜಾಣರೊಬ್ಬರು ಎದ್ದು ಕೇಳಬಹುದು: "ಅಲ್ರೀ, ಅಷ್ಟು ದೊಡ್ಡವರೇ ತಮ್ಮ ನೆನಪಿನ ಕಟ್ಟಡ ಬ್ಯಾಡ ಅಂದ ಮ್ಯಾಲ ಸಣ್ಣಪುಟ್ಟವರ ಕಥಿ ಬರದಿಟ್ಟು ಏನ್ ಮಾಡೂದೈತಿ?"

ಪ್ರಶ್ನೆ ಸರಿಯಾಗಿದೆ. ಉತ್ತರವೂ ಇದೆ. ಸ್ವಾಮಿಗಳು ಬೇಡವೆಂದದ್ದು ಕಲ್ಲನ್ನು, ಕಟ್ಟಡವನ್ನು, ಪೂಜೆಯನ್ನು. ಮಾತನ್ನು ಬೇಡವೆನ್ನಲಿಲ್ಲ. ಜೀವಮಾನವೆಲ್ಲ ಅವರು ಮಾಡಿದ್ದೇ ಹಿಂದಿನವರು ಕಂಡ ಬೆಳಕನ್ನು ಹಳ್ಳಿಯ ಮಂದಿಗೆ ತಿಳಿಯುವ ಕನ್ನಡದಲ್ಲಿ ಮುಟ್ಟಿಸುವ ಕೆಲಸ. ಮೂರ್ತಿ ನಿಲ್ಲಿಸಿದರೆ ಮಂದಿ ಕೈಮುಗಿದು ಮುಂದೆ ಹೋಗುತ್ತಾರೆ. ಮಾಡಿದ ಕೆಲಸವನ್ನು ಬರೆದಿಟ್ಟರೆ ಓದಿದವನು ತಾನೂ ಮಾಡೋಣ ಎಂದುಕೊಳ್ಳುತ್ತಾನೆ. ಇಷ್ಟೇ ಫರಕು.

ಹೊತ್ತು ಮೀರುತ್ತಿದೆ

1972ರ ಬರ ಈ ಜಿಲ್ಲೆ ಮರೆಯುವಂಥದ್ದಲ್ಲ. ಆಗ ಹತ್ತು ವರ್ಷದವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಆಗ ಸಂಸಾರ ಹೊತ್ತಿದ್ದವರಲ್ಲಿ ಉಳಿದವರು ಬೆರಳೆಣಿಕೆಯ ಮಂದಿ. ಯಾರು ಗುಳೆ ಹೋದರು, ಯಾರು ಕಾಮಗಾರಿಯಲ್ಲಿ ಖಡಿ ಒಡೆದರು, ಯಾರು ತಮ್ಮ ಹಗೇವಿನ ಜೋಳ ತೆಗೆದು ನೆರೆಮನೆಗೆ ಕೊಟ್ಟರು, ಯಾರು ಅದೇ ಹೊತ್ತು ನೋಡಿ ಹೊಲ ಬರೆಸಿಕೊಂಡರು, ಇದೆಲ್ಲ ಅವರ ಬಾಯಲ್ಲಿದೆ. ಸರಕಾರಿ ದಫ್ತರದಲ್ಲಿ ಇಲ್ಲ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಕೃಷ್ಣೆಯ ನೀರು ಏರಿ ಹಳೆಯ ಕೊಲ್ಹಾರ ಮುಳುಗಿತು. ಮನೆಗೆ, ಹೊಲಕ್ಕೆ ಪರಿಹಾರದ ಲೆಕ್ಕ ನಡೆಯಿತು. ಕಟ್ಟೆಯ ಮೇಲಿನ ಹರಟೆಗೆ, ಓಣಿಯ ನೆನಪಿಗೆ ಯಾವ ಕಚೇರಿ ಪರಿಹಾರ ಕೊಡುತ್ತದೆ? ಇತ್ತ ತಿಕೋಟಾ, ಬಬಲೇಶ್ವರ ಕಡೆ ಅದೇ ಕೃಷ್ಣೆ ಏತ ನೀರಾವರಿಯ ಕೊಳವೆಯಲ್ಲಿ ಹರಿದು ಬಂದು ಒಣಭೂಮಿಯ ಮುಖ ಬದಲಾಗಿದೆ. ಜೋಳದ ಹೊಲದಲ್ಲಿ ದ್ರಾಕ್ಷಿ ಪಡಗ ಎದ್ದಿದೆ. 2018ರಲ್ಲಿ ಎರಡೂ ಊರುಗಳು ತಾಲೂಕು ಕೇಂದ್ರಗಳಾದವು. ಬೆಳವಣಿಗೆ ಬೇಕು, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ನೀರಿಲ್ಲದ ದಿನ ಹೇಗೆ ಬಾಳಿದೆವು ಎಂಬುದು ನೀರು ಬಂದ ದಿನ ಮರೆತರೆ, ಮುಂದೆ ನೀರು ಕೈಕೊಟ್ಟಾಗ ಬುದ್ಧಿ ಹೇಳುವವರು ಯಾರು?

ಒಂದು ದಪ್ಪ ನೋಟಬುಕ್ಕು

ಇದಕ್ಕೆ ಸರಕಾರದ ಯೋಜನೆ, ಮಂತ್ರಿಗಳ ಉದ್ಘಾಟನೆ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂಬ ಒಳ್ಳೆಯ ಹೆಸರಿದೆ. ಅಲ್ಲೊಂದು ದಪ್ಪ ನೋಟಬುಕ್ಕು ಇಡಬೇಕು. ಅದರ ಬೆಲೆ ಸತ್ಕಾರಕ್ಕೆ ತರುವ ಒಂದು ಶಾಲು-ಹಾರಕ್ಕಿಂತ ಕಡಿಮೆ. ಊರಿನ ಅಂಗಡಿಯವರೊಬ್ಬರು ಮನಸ್ಸು ಮಾಡಿದರೆ ಪುಕ್ಕಟೆಯಾಗಿಯೇ ಕೊಟ್ಟಾರು. ಶನಿವಾರ ಮಧ್ಯಾಹ್ನ ಶಾಲೆಯ ಇಬ್ಬರು ಮಕ್ಕಳು ಒಬ್ಬ ಮುತ್ಯಾನ ಮುಂದೆ, ಒಬ್ಬ ಆಯಿಯ ಮುಂದೆ ಕೂತು ಕೇಳಿ ಬರೆಯಲಿ. ಹೇಳಿದವರ ಹೆಸರು, ತಾರೀಖು ಹಾಕಲಿ. ಕಂಡದ್ದನ್ನು ಕಂಡದ್ದು ಎಂದು, ಕೇಳಿದ್ದನ್ನು ಕೇಳಿದ್ದು ಎಂದು ಬರೆಯಲಿ. ಒಬ್ಬರು ಹಾಗೆಂದರು, ಇನ್ನೊಬ್ಬರು ಹೀಗೆಂದರು ಎಂದರೆ ಎರಡನ್ನೂ ಬರೆಯಲಿ. ಹಳಕಟ್ಟಿಯವರು ಪ್ರತಿಗೆ ಪ್ರತಿ ತಾಳೆ ನೋಡಿದ್ದೂ ಇದೇ ಪ್ರಾಮಾಣಿಕತೆಯಿಂದ.

"ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ತೀವಿ ಬಿಡ್ರಿ" ಎನ್ನುವವರಿದ್ದಾರೆ. ಮಾಡಲಿ, ಸಂತೋಷ. ಆದರೆ ಜಾಗ ತುಂಬಿತೆಂದು ಮೊದಲು ಅಳಿಸುವುದು ಮುತ್ಯಾನ ಮಾತನ್ನೇ ಎಂಬುದು ನೆನಪಿರಲಿ.

ಇನ್ನೊಂದು ಎಚ್ಚರ ಬೇಕು. ಗೌಡರ ವಾಡೆಯ, ದೇಸಾಯರ ಕುದುರೆಯ ಕಥೆ ಮಾತ್ರ ತುಂಬಿದರೆ ಅದು ಜಮಾ ಬಾಜು ಮಾತ್ರ ಬರೆದ ಕಿರ್ದಿ. ಖರ್ಚಿನ ಬಾಜು ಖಾಲಿ ಬಿಟ್ಟ ಲೆಕ್ಕವನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ? ಎಲ್ಲ ಓಣಿಗೂ ಹೋಗಬೇಕು. ಬಾವಿ ತೋಡಿಸಿದವರ ಹೆಸರು ಬರೆಯುವಾಗ ಗುದ್ದಲಿ ಹಿಡಿದವರ ಹೆಸರೂ ಬರಬೇಕು. ಆ ಬಾವಿಯ ನೀರು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದೂ ಬರಬೇಕು. ಕೆಲವರಿಗೆ ಮುಜುಗರ ಆದೀತು. ಆಗಲಿ. ಲೆಕ್ಕ ಅಂದ ಮೇಲೆ ಲೆಕ್ಕ.

ಫ.ಗು. ಹಳಕಟ್ಟಿಯವರು ಮನೆ ಮಾರಬೇಕಾಯಿತು. ಇಂದಿನವರಿಗೆ ಯಾರೂ ಮನೆ ಮಾರು ಎನ್ನುತ್ತಿಲ್ಲ. ವಾರಕ್ಕೆ ಒಂದು ತಾಸು ಹಿರೇರ ಮುಂದೆ ಕೂಡು ಎನ್ನುವುದಷ್ಟೇ ಮಾತು.

ಇಂದು ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಮುದುಕರೊಬ್ಬರು ಪಕ್ಕದಲ್ಲಿ ಕೂತಿದ್ದರೆ, "ಯಪ್ಪಾ, ನಿಮ್ಮೂರಿಗೆ ಆ ಹೆಸರು ಯಾಕ ಬಂತ್ರಿ?" ಎಂದು ಕೇಳಿದರೂ ಸಾಕು. ಊರು ಬರುವ ತನಕ ಮಾತಿಗೆ ಬರವಿರುವುದಿಲ್ಲ. ಇಳಿದ ಮೇಲೆ ಮರೆಯದೆ ನಾಲ್ಕು ಸಾಲು ಬರೆದಿಟ್ಟರೆ, ಆ ಊರಿನ ಕಿರ್ದಿಯ ಮೊದಲ ಪುಟ ತೆರೆದಂತೆಯೇ.