ಗಾಯದ ಸೇಬಿನ ಪರವಾಗಿ

ಆ್ಯಪಲ್ ಕ್ರಂಬಲ್ ಮಾಡುವುದನ್ನು ಕನ್ನಡದಲ್ಲಿ ಹೇಳಿಕೊಡುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಎಡವುವುದು ಮೊದಲ ಸಾಲಿನಲ್ಲೇ. ಆರು ಗ್ರ್ಯಾನಿ ಸ್ಮಿತ್ ಸೇಬು ಬೇಕು, ಬೇರೆ ಜಾತಿಯದು ಆಗದು, ಕಲೆ ಇರಬಾರದು ಎಂದು ಶುರುವಾಗುತ್ತದೆ ಪಾಠ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇದನ್ನು ಓದಿದ ಮನೆಯವರು ಬೀದಿಯ ಗಾಡಿಯಲ್ಲಿ ರಾಶಿ ಬಿದ್ದ ಹಿಮಾಚಲದ ಸೇಬನ್ನು ದಾಟಿ, ಹಡಗಿನಲ್ಲಿ ಬಂದ, ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿದ ಹಸಿರು ಸೇಬನ್ನು ಹಲವು ಪಟ್ಟು ಬೆಲೆಗೆ ತರುತ್ತಾರೆ. ಬಡತನದಲ್ಲಿ ಹೆಸರು ಮಾಡಿದ ಒಂದು ತಿನಿಸು ಹೀಗೆ ಶ್ರೀಮಂತರ ಶೋಕಿಯಾಗುತ್ತದೆ.

ಕ್ರಂಬಲ್ ಅಂದರೇನು? ಹೆಚ್ಚಿದ ಸೇಬಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಯನ್ನು ಬೆರಳ ತುದಿಯಲ್ಲಿ ಉದುರುದುರಾಗಿ ತಿಕ್ಕಿ ಹರಡಿ ಬೇಯಿಸಿದ್ದು, ಅಷ್ಟೇ. ಬ್ರಿಟನ್ನಿನ ಮನೆಮನೆಗಳಲ್ಲಿ ಇದು ನೆಲೆಯೂರಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1940ರ ಜನವರಿಯಲ್ಲಿ ಅಲ್ಲಿ ಬೆಣ್ಣೆ, ಸಕ್ಕರೆಗಳಿಗೆ ಪಡಿತರ ಬಂತು. ಆಹಾರದ ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಪೈ ಮಾಡಲು ಜಿಡ್ಡೂ ಹೆಚ್ಚು ಬೇಕು, ಹಾಳೆ ಲಟ್ಟಿಸುವ ಕೈಚಳಕವೂ ಬೇಕು. ಕ್ರಂಬಲ್‌ಗೆ ಇದ್ದಷ್ಟು ಸಾಕು. ಹಣ್ಣೋ, ಶರತ್ಕಾಲದ ಗಾಳಿಗೆ ಹಿತ್ತಲಲ್ಲಿ ಉದುರಿದ್ದು, ಒಂದು ಬದಿ ಜಜ್ಜಿದ್ದು. ಗಾಳಿಗೆ ಬಿದ್ದ ಹಣ್ಣಿಗೂ ಅನಿರೀಕ್ಷಿತ ಲಾಭಕ್ಕೂ ಇಂಗ್ಲಿಷಿನಲ್ಲಿ ವಿಂಡ್‌ಫಾಲ್ ಎಂಬ ಒಂದೇ ಪದ. ಜಜ್ಜಿದ ಹಣ್ಣನ್ನು ಆ ಭಾಷೆ ನಷ್ಟದ ಖಾತೆಗೆ ಬರೆಯಲಿಲ್ಲ.

ಇಂಗ್ಲಿಷ್ ಅಡುಗೆ ಪುಸ್ತಕಗಳು ಬ್ರ್ಯಾಮ್ಲಿ ಸೇಬನ್ನು ಹೆಸರಿಸುವುದೂ ಇದೇ ಕಾರಣಕ್ಕೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಸೌತ್‌ವೆಲ್ ಊರಿನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಬಂದ ಜಾತಿ ಅದು. ಹುಳಿ, ಬೆಂದರೆ ಬೆಣ್ಣೆಯಂತೆ ಕರಗುತ್ತದೆ, ಮೇಲಾಗಿ ಅಲ್ಲಿ ಕೈಗೆಟಕುವಷ್ಟು ಹತ್ತಿರ ಸಿಗುತ್ತದೆ. ನಮ್ಮವರು ಅದರ ಬದಲಿಗೆ ಹುಡುಕಿದ್ದು ಇನ್ನೊಂದು ಹುಳಿ ಸೇಬನ್ನು. ಹತ್ತಿರ ಸಿಗುವುದು ಎಂಬ ಮಾತು ಕೈಬಿಟ್ಟುಹೋಯಿತು. ಪದ ದೋಣಿ ಹತ್ತಿತು, ಅರ್ಥ ಆಚೆ ದಡದಲ್ಲೇ ಉಳಿಯಿತು. ತಮಾಷೆಯೆಂದರೆ ಗ್ರ್ಯಾನಿ ಸ್ಮಿತ್ ಸೇಬಿನ ಹುಟ್ಟಿನ ಕಥೆಯೇ ಕಸದ್ದು. ಆಸ್ಟ್ರೇಲಿಯಾದ ಸಿಡ್ನಿಯ ಬಳಿ ಮರಿಯಾ ಆ್ಯನ್ ಸ್ಮಿತ್ ಎಂಬ ಅಜ್ಜಿ ಹಳ್ಳದ ದಂಡೆಗೆ ಎಸೆದ ಸೇಬಿನ ಬೀಜ ಮೊಳೆತು ಈ ಜಾತಿ ಬಂತೆಂದು ಅಲ್ಲಿ ಹೇಳುತ್ತಾರೆ. ಎಸೆದ ಹಣ್ಣಿನ ಸಂತಾನವನ್ನೇ ಇಲ್ಲಿ ಕುಲೀನತೆಯ ಗುರುತು ಮಾಡಿಕೊಂಡಿದ್ದೇವೆ.

ಈಗ ನಮ್ಮ ಶರದೃತುವಿಗೆ ಬರೋಣ. ಮುಂಬೈ, ಚೆನ್ನೈಗಳಲ್ಲಿ ಎಲೆ ಉದುರುವುದಿಲ್ಲ, ಚಳಿಯೂ ಇಲ್ಲ. ಸೇಬಿನ ಗಾಡಿಯೇ ಆ ಋತುವಿನ ಗುರುತು. ಆಗಸ್ಟಿನಿಂದ ಹಿಮಾಚಲದ ಹಣ್ಣು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಾಶ್ಮೀರದ್ದು. ಈ ಬೆಟ್ಟಗಳಲ್ಲಿ ಆಲಿಕಲ್ಲು ಬಿದ್ದರೆ ಸಿಪ್ಪೆಯ ಮೇಲೆ ಗಾಯವಾಗುತ್ತದೆ. ಒಳಗಿನ ತಿರುಳು ಕೆಡದಿದ್ದರೂ ಹಣ್ಣು ದರ್ಜೆಯಲ್ಲಿ ಕೊನೆಗೆ ಬೀಳುತ್ತದೆ. ಇಂಥ ಸೇಬಿಗೆ 2023ರಲ್ಲಿ ಹಿಮಾಚಲ ಸರ್ಕಾರ ನಿಗದಿ ಮಾಡಿದ ಖರೀದಿ ಬೆಲೆ ಕಿಲೋಗೆ 12 ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಮಳೆಗೆ ಜಮ್ಮು-ಶ್ರೀನಗರ ಹೆದ್ದಾರಿ ಕುಸಿದಾಗ ಸೇಬಿನ ಲಾರಿಗಳು ದಿನಗಟ್ಟಲೆ ನಿಂತವು, ಹಣ್ಣು ಲಾರಿಯಲ್ಲೇ ಕೊಳೆಯಿತು. ಅಷ್ಟೆಲ್ಲ ದಾಟಿ ಬಂದ ಹಣ್ಣನ್ನೂ ಒಂದು ಕಲೆಯ ನೆಪದಲ್ಲಿ ಬದಿಗೆ ತಳ್ಳುವುದು, ಅದರಲ್ಲೂ ಸಿಪ್ಪೆ ಸುಲಿದು, ಹೆಚ್ಚಿ, ಹಿಟ್ಟಿನಡಿ ಮುಚ್ಚಿ ಬೇಯಿಸುವ ತಿನಿಸಿಗಾಗಿ ತಳ್ಳುವುದು, ಯಾವ ರುಚಿಯ ನ್ಯಾಯ?

ಎದುರು ವಾದ ಒಂದಿದೆ, ಅದರಲ್ಲಿ ಹುರುಳೂ ಇದೆ. ನಮ್ಮ ಬೆಟ್ಟದ ಸೇಬಿನಲ್ಲಿ ಬಹುಪಾಲು ಡೆಲಿಷಿಯಸ್ ಜಾತಿಯದು. ಅಮೆರಿಕದಿಂದ ಬಂದು ಕೋಟ್‌ಗಢದ ಸೀಮೆಯಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ನೂರು ವರ್ಷಗಳ ಹಿಂದೆ ಅದನ್ನು ಅಲ್ಲಿ ಬೇರೂರಿಸಿದರು. ಹಸಿಯಾಗಿ ತಿನ್ನಲು ಬೆಳೆದ ಹಣ್ಣು. ಸಿಹಿ ಹೆಚ್ಚು, ಹುಳಿ ಕಡಿಮೆ, ಬೆಂದರೆ ಸಪ್ಪೆ. ಆದರೆ ಹುಳಿ ಕಡಿಮೆ ಇದ್ದರೆ ಹುಳಿ ಹಿಂಡುವುದನ್ನು ಕನ್ನಡದ ಅಡುಗೆಮನೆಗೆ ಯಾರಾದರೂ ಕಲಿಸಬೇಕೆ? ಒಂದು ಕಿಲೋ ಸೇಬಿಗೆ ಎರಡು ದೊಡ್ಡ ಚಮಚ ನಿಂಬೆರಸ, ಚಿಟಿಕೆ ಉಪ್ಪು. ಹಣ್ಣಿಗೆ ಬೇರೆ ಸಕ್ಕರೆ ಬೇಡ. ಅಕ್ಟೋಬರ್ ಕೊನೆಗೆ ಕಾಶ್ಮೀರದ ಮಹಾರಾಜಿ ಸಿಕ್ಕರೆ ನಿಂಬೆಯೂ ಬೇಡ, ಅದು ತಾನೇ ಹುಳಿ.

ಮೇಲಿನ ಪದರಕ್ಕೆ 150 ಗ್ರಾಂ ಮೈದಾ, ತಣ್ಣನೆಯ ಬೆಣ್ಣೆ 75 ಗ್ರಾಂ, ಸಕ್ಕರೆ 75 ಗ್ರಾಂ. ಬೆಣ್ಣೆಯ ಬದಲು ಗಟ್ಟಿಯಾದ ತುಪ್ಪವಾದರೆ 60 ಗ್ರಾಂ ಸಾಕು, ತುಪ್ಪದಲ್ಲಿ ನೀರಿನಂಶ ಇರುವುದಿಲ್ಲ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ. ಇಲ್ಲದಿದ್ದರೆ ಸೇಬನ್ನು ಬಾಣಲೆಯಲ್ಲಿ ಮುಚ್ಚಿ ಮೆತ್ತಗೆ ಬೇಯಿಸಿ, ಹಿಟ್ಟು ಬೆಣ್ಣೆಯನ್ನು ಬೇರೆಯಾಗಿ ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಇಳಿಸಿದ ಮೇಲೆ ಸಕ್ಕರೆ ಬೆರೆಸಿ ಮೇಲೆ ಉದುರಿಸಿದರಾಯಿತು. ಉಂಡೆಗೆ ಹಿಟ್ಟು ಹುರಿದ ಕೈಗೆ ಇದು ಹೊಸ ವಿದ್ಯೆಯಲ್ಲ. ಒಂದು ಎಚ್ಚರಿಕೆ ಮಾತ್ರ: ಗಾಯ ಬೇರೆ, ಬೂಷ್ಟು ಬೇರೆ. ಜಜ್ಜಿದ ಭಾಗವನ್ನು ಕೆತ್ತಿ ತೆಗೆದರೆ ಉಳಿದದ್ದು ಒಳ್ಳೆಯದೇ. ಬೂಷ್ಟು ಹಿಡಿದ ಹಣ್ಣನ್ನು ಇಡಿಯಾಗಿ ಎಸೆಯಬೇಕು, ಅದರ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಒಂದು ಮನೆಯ ಕ್ರಂಬಲ್‌ನಿಂದ ಶಿಮ್ಲಾದ ಯಾವ ತೋಟವೂ ಉಳಿಯುವುದಿಲ್ಲ, ನಿಜ. ಆದರೆ ದರ್ಜೆ ಮರದಲ್ಲಿ ಬೆಳೆಯುವುದಲ್ಲ, ಕೊಳ್ಳುವವರ ಕಣ್ಣಿನಲ್ಲಿ ಬೆಳೆಯುವುದು. ಕಲೆಯ ಹಣ್ಣನ್ನು ಯಾರೂ ಕೇಳದಿದ್ದರೆ ಗಾಡಿಯವನು ಮಂಡಿಯಿಂದ ಅದನ್ನು ತರುವುದಿಲ್ಲ, ಮಂಡಿಯವನು ಬೆಟ್ಟದಿಂದ ತರಿಸುವುದಿಲ್ಲ. ಬೆಟ್ಟದಲ್ಲಿ ಅದು 12 ರೂಪಾಯಿಗೆ ಇಳಿಯುತ್ತದೆ. ಕೇಳದಂತೆ ಕಲಿಸುವವರಲ್ಲಿ ಅಡುಗೆ ಬರೆಯುವವರೂ ಸೇರಿದ್ದಾರೆ. ಆದ್ದರಿಂದ ತಿದ್ದಬೇಕಾದ್ದು ಅವರ ಮೊದಲ ಸಾಲು: ಗಾಡಿಯಲ್ಲಿ ಸಿಗುವ ಸೇಬು ಒಂದು ಕಿಲೋ, ಕಲೆ ಇದ್ದರೂ ಆದೀತು.