ರೋಬೋ ಕತ್ತು ತಿರುಗಿಸಿದ್ದು ಯಾರು?

ಪರದೆ ಮೇಲೆ ಯಂತ್ರಮಾನವ ಕಣ್ಣು ಮಿಟುಕಿಸಿದರೆ ನಾವು ಶಿಳ್ಳೆ ಹೊಡೀತೀವಿ. ಆ ರೆಪ್ಪೆಯ ಹಿಂದೆ ತಂತಿ ಎಳೆದವರು ಯಾರು ಅಂತ ಯಾವತ್ತಾದರೂ ಕೇಳಿದ್ದೀವಾ? ಕೇಳಿಯೇ ಬಿಡೋಣ ಅಂತ ಹೋದ ವಾರ ದಾವಣಗೆರೆಯಲ್ಲಿ ಹರಿಹರದ ಬಸ್ ಹತ್ತಿದೆ. ಹದಿನಾಲ್ಕು ಕಿಲೋಮೀಟರು. ಕೈಲಿದ್ದ ಮಂಡಕ್ಕಿ ಪೊಟ್ಟಣ ಖಾಲಿಯಾಗೋದರೊಳಗೆ ಹರಿಹರ ಬಂತು!

ಹರಿಹರ ಅಂದರೆ ಹರಿಹರೇಶ್ವರನ ಗುಡಿ, ತುಂಗಭದ್ರೆ ಹೊಳೆ ಅಷ್ಟೇ ಅಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದದ್ದು ಇಲ್ಲೇ. ಅಲ್ಲಿ ತಯಾರಾದ ಲೇತ್‌ಗಳು ಎಷ್ಟೋ ಊರಿನ ವರ್ಕ್‌ಶಾಪುಗಳಲ್ಲಿ ದುಡಿದಿವೆ. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೆ ಅಲ್ಲಿ ಪಳಗಿದ ಕೈಗಳು ಸುಮ್ಮನೆ ಕೂತಿಲ್ಲ. ಅಂಥ ಒಬ್ಬ ಹಳೇ ಟರ್ನರ್ ಯಜಮಾನರ ಮನೆಗೇ ನಾನು ಹೋದದ್ದು.

ಪಡಸಾಲೆಯಲ್ಲಿ ನಾಲ್ಕಡಿ ಎತ್ತರದ ರೋಬೋ. ನನ್ನ ಕಡೆ ಕತ್ತು ತಿರುಗಿಸಿ, ರೆಪ್ಪೆ ಬಡಿದು, ಕೈ ಜೋಡಿಸಿತು. ಸುಳ್ಳು ಯಾಕೆ ಹೇಳಲಿ, ನಾನೂ ಕೈ ಮುಗಿದುಬಿಟ್ಟೆ! ಒಳಗಿಂದ ಯಜಮಾನರು ರಿಮೋಟು ಹಿಡಿದು ನಗುತ್ತಾ ಬಂದರು.

“ಓಣಿ ಗಣಪತಿ ಪೆಂಡಾಲಿಗೆ ಅಂತ ಶುರು ಮಾಡಿದ್ದು ತಮ್ಮಾ. ಮೊದಲನೇ ಸಲ ತಲೆನ ಪ್ಲಾಸ್ಟರ್‌ನಾಗೆ ಮಾಡಿದೆ. ಗುಜರಿಯಿಂದ ಲಾರಿ ವೈಪರ್ ಮೋಟಾರು ತಂದು ಕತ್ತಿಗೆ ಹಾಕಿದೆ. ಆರತಿ ಮುಗಿಯೋದ್ರಾಗೆ ಮೋಟಾರು ಹೊಗೆಯಾಡ್ತು. ಜನ ಧೂಪ ಅಂದ್ಕಂಡ್ರು!”

ಎರಡನೇ ವರ್ಷ ಡಿಪ್ಲೊಮಾ ಓದೋ ಮೊಮ್ಮಗ ಕೈ ಹಾಕಿದ. ಥರ್ಮಕೋಲ್ ಕೊರೆದು, ಮೇಲೆ ತೆಳ್ಳಗೆ ಫೈಬರ್ ಹಚ್ಚಿ ತಲೆ ಹಗುರ ಮಾಡಿದರು. ಅದು ಮುಂದಕ್ಕೆ ಜೋಲದಂತೆ ಹಿಂದಿನಿಂದ ಒಂದು ಸ್ಪ್ರಿಂಗು ಬಿಗಿದರು. ತೂಕ ಸ್ಪ್ರಿಂಗು ಹೊತ್ತರೆ ಮೋಟಾರಿಗೆ ತಿರುಗಿಸೋ ಕೆಲಸ ಮಾತ್ರ. ರೆಪ್ಪೆಗೂ ದವಡೆಗೂ ಸರ್ವೋ ಬಂತು. ಅಂದರೆ ಹೇಳಿದಷ್ಟೇ ತಿರುಗಿ ಅಲ್ಲೇ ನಿಲ್ಲೋ ಪುಟ್ಟ ಮೋಟಾರು.

ಆಮೇಲೆ ಹೊಸ ರೋಗ. ಕಣ್ಣು, ಕತ್ತು, ದವಡೆ ಒಟ್ಟಿಗೆ ಓಡಿಸಿದರೆ ರೋಬೋಗೆ ಚಳಿಜ್ವರ! ಮೋಟಾರುಗಳು ಕರೆಂಟನ್ನೆಲ್ಲ ಎಳೆದುಕೊಂಡು, ರಿಮೋಟಿನ ಮಾತು ಕೇಳಬೇಕಾದ ರಿಸೀವರಿಗೆ ವೋಲ್ಟೇಜು ಸಾಲದೆ ಅದು ಮೂರ್ಛೆ ಹೋಗುತ್ತಿತ್ತು. ಮೋಟಾರಿಗೊಂದು ಬ್ಯಾಟರಿ, ರಿಸೀವರಿಗೊಂದು ಬ್ಯಾಟರಿ ಕೊಟ್ಟು, ಎರಡರ ಮೈನಸ್ ತಂತಿ ಮಾತ್ರ ಸೇರಿಸಿದ ಮೇಲೆ ಜ್ವರ ಬಿಟ್ಟಿತು. ಇಷ್ಟು ಕಂಡುಹಿಡಿಯಲು ಮೂರು ತಿಂಗಳು!

ನಗಬೇಡಿ. 1975ರ ‘ಜಾಸ್’ ಚಿತ್ರದ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಇಳಿದು ಮತ್ತೆ ಮತ್ತೆ ಕೈಕೊಟ್ಟಿತ್ತು. ಶಾರ್ಕನ್ನು ಆದಷ್ಟೂ ತೋರಿಸದೆ ಹೆದರಿಸೋ ದಾರಿ ಹಿಡಿದರು ಸ್ಪೀಲ್‌ಬರ್ಗ್. 1977ರ ‘ಸ್ಟಾರ್ ವಾರ್ಸ್’ನ ಪುಟಾಣಿ ರೋಬೋ ಟ್ಯುನೀಷಿಯಾದ ಮರಳಲ್ಲಿ ರಿಮೋಟಿನ ಮಾತು ಕೇಳದೆ ಕಾಟ ಕೊಟ್ಟಿತ್ತು. ಅನೇಕ ದೃಶ್ಯಗಳಲ್ಲಿ ಅದರೊಳಗೆ ಕೂತಿದ್ದವರು ಕೆನ್ನಿ ಬೇಕರ್ ಎಂಬ ಕುಳ್ಳ ನಟರು. ಅಷ್ಟು ದೂರ ಯಾಕೆ, 2019ರ ಮಲಯಾಳಂ ‘ಆಂಡ್ರಾಯ್ಡ್ ಕುಂಞಪ್ಪನ್’ ನೋಡಿ ನಾವೆಲ್ಲ ರೋಬೋನೇ ಅಂದುಕೊಂಡೆವು. ಒಳಗಿದ್ದದ್ದು ಸೂರಜ್ ತೇಲಕ್ಕಾಡ್!

ಈ ವಿದ್ಯೆಗೆ ಈಗ ದೇವಸ್ಥಾನಗಳಲ್ಲೂ ಬೇಡಿಕೆ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ಶಿಲ್ಪಾ ಶೆಟ್ಟಿ ಕಡೆಯಿಂದ ಯಂತ್ರದ ಆನೆ ಬಂತು. ಅದೇ ಸುಮಾರಿಗೆ ನಮ್ಮ ದಾವಣಗೆರೆಯ ಗುಡಿಯೊಂದಕ್ಕೂ ಸುನೀಲ್ ಶೆಟ್ಟಿ ಕಡೆಯಿಂದ ಇಂಥದ್ದೇ ಆನೆ. ರಬ್ಬರು, ಫೈಬರು, ಉಕ್ಕು ಸೇರಿ ಸುಮಾರು ಎಂಟುನೂರು ಕೆ.ಜಿ. ತೂಗುವ ಇಂಥ ಆನೆಗಳು ಐದು ಮೋಟಾರಿನ ಬಲದಲ್ಲಿ ಕಿವಿ ಬೀಸುತ್ತವೆ, ಸೊಂಡಿಲೆತ್ತಿ ನೀರು ಚಿಮುಕಿಸುತ್ತವೆ. ಅಂಕುಶವಿಲ್ಲ, ಸರಪಳಿಯಿಲ್ಲ. ಕೊಟ್ಟ ತಾರೆಯರ ಹೆಸರು ಪತ್ರಿಕೆಗಳಲ್ಲೆಲ್ಲ ಬಂತು. ಕಿವಿಗೆ ಮೋಟಾರು ಕೂರಿಸಿದವನ ಹೆಸರು?

ಯಜಮಾನರ ಕಥೆಯೂ ಅದೇ. ಒಂದು ಚಿತ್ರತಂಡ (ಹೆಸರು ಬೇಡ) ಮಕ್ಕಳ ದೃಶ್ಯಕ್ಕೆ ಅಂತ ಎರಡು ದಿನಕ್ಕೆ ಈ ರೋಬೋ ಒಯ್ದಿತು. ರಿಮೋಟು ಒತ್ತಲು ಯಜಮಾನರೂ ಹೋದರು. ಊಟ ಹಾಕಿದರು, ಬಸ್ ಚಾರ್ಜು ಕೊಟ್ಟರು, “ಟೈಟಲ್‌ನಲ್ಲಿ ನಿಮ್ಮ ಹೆಸರು ಗ್ಯಾರಂಟಿ ಯಜಮಾನ್ರೇ” ಅಂದರು.

ಚಿತ್ರ ದಾವಣಗೆರೆಗೆ ಬಂದ ದಿನ ಯಜಮಾನರು ಹೆಂಡತಿ, ಮೊಮ್ಮಗನ ಸಮೇತ ಮೊದಲ ಆಟಕ್ಕೆ ಹೋದರು. ರೋಬೋ ಕತ್ತು ತಿರುಗಿಸಿದಾಗ ಮಕ್ಕಳು ಕೇಕೆ ಹಾಕಿದರಂತೆ. ಶುರುವಿನಲ್ಲಿ ಹೆಸರಿಲ್ಲ. ಕೊನೆಯಲ್ಲಿ ಇದ್ದೀತು ಅಂತ ಜನ ಎದ್ದು ಹೋದರೂ ಇವರು ಮೂವರೂ ಕೂತೇ ಇದ್ದರು. ಲೈಟು ಹಾಕಿದರು. ಕಸ ಗುಡಿಸೋಳು ಬಂದಳು. ಹೆಸರು ಬರಲಿಲ್ಲ.

“ಬೇಜಾರಾಯ್ತಾ ಯಜಮಾನ್ರೇ?”

“ನನಗೇನಿಲ್ಲ ಬಿಡು. ಮನೆಯಾಕೆ ರೇಷ್ಮೆ ಸೀರೆ ಉಟ್ಕಂಡು ಬಂದಿದ್ಲು.”

ನನಗೆ ಮುಂದಿನ ಪ್ರಶ್ನೆ ಮರೆತೇಹೋಯಿತು.

ನಿರ್ಮಾಪಕ ಮಹಾಶಯರೇ, ಒಂದು ಸಾಲು ಅಕ್ಷರಕ್ಕೆ ಎಷ್ಟು ಖರ್ಚಾಗುತ್ತೆ ಸ್ವಾಮೀ? ನಾಯಕನ ಕಾರು ತೊಳೆದವರಿಗೂ ಕೃತಜ್ಞತೆ ಹೇಳ್ತೀರಿ. ಜೀವವಿಲ್ಲದ್ದಕ್ಕೆ ಜೀವ ಕೊಟ್ಟವರನ್ನು ಮರೀತೀರಾ?

“ನಾನಾದರೂ ಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕ್ತೀನಿ” ಅಂದೆ. ಯಜಮಾನರು ರೋಬೋನ ದವಡೆ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ.

“ಬ್ಯಾಡ ತಮ್ಮಾ. ಇಲ್ಲಿ ಹಾಕಿದ್ರೆ ದೂರು ಹೇಳಿದಂಗಾಗ್ತದೆ. ಬರೋದಾದ್ರೆ ಪರದೆ ಮ್ಯಾಲೇ ಬರ್ಲಿ. ಅಷ್ಟೊತ್ತಿಗೆ ಇದರ ತುಟಿ ಮಾತಿಗೆ ಸರಿಯಾಗಿ ಆಡೋ ಹಂಗೆ ಮಾಡಿರ್ತೀನಿ.”

ಅದಕ್ಕೇ ಹೆಸರು ಹಾಕಿಲ್ಲ ಓದುಗರೇ. ಮುಂದೆಂದಾದರೂ ಪರದೆ ಮೇಲೆ ರೋಬೋ ಕೈ ಮುಗಿದರೆ ಸೀಟಿನಿಂದ ಬೇಗ ಏಳಬೇಡಿ. ಕೊನೇ ಸಾಲಿನ ತನಕ ಕೂತು ನೋಡಿ. ಹರಿಹರದವರ ಹೆಸರು ಬಂದರೆ, ಆಗ ಹೊಡೀರಿ ಶಿಳ್ಳೆ!