ಮಳೆಮಾಪಕದ ಕಣ್ಣಿಗೆ ಬೀಳದ ಮಳೆ

2010ರ ಆಗಸ್ಟ್ 5ರ ನಡುರಾತ್ರಿ ಲೇಹ್ ಪಟ್ಟಣದ ಮೇಲೆ ಸುರಿದ ಮಳೆ ಮತ್ತು ಅದರ ಬೆನ್ನಿಗೇ ಬೆಟ್ಟಗಳಿಂದ ಇಳಿದ ಕೆಸರಿನ ಪ್ರವಾಹ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡವು. ಚೋಗ್ಲಂಸರ್ ಬಡಾವಣೆಯ ಮನೆಗಳು ಮಲಗಿದ್ದವರ ಸಮೇತ ಕೊಚ್ಚಿಹೋದವು. ಜಿಲ್ಲಾ ಆಸ್ಪತ್ರೆಯೊಳಕ್ಕೇ ಕೆಸರು ನುಗ್ಗಿದ್ದರಿಂದ ಗಾಯಾಳುಗಳನ್ನು ಸೇನಾ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದು ಲೇಹ್‌ನ ವೀಕ್ಷಣಾಲಯದಲ್ಲಿ ದಾಖಲಾದ ಮಳೆ ಎಷ್ಟು? ಕೇವಲ 12.8 ಮಿಲಿಮೀಟರ್. ಬೆಂಗಳೂರಿನಲ್ಲಿ ಅಷ್ಟು ಮಳೆ ಬಿದ್ದರೆ ಸಂಜೆಯ ವಾಹನ ಸಂಚಾರ ಒಂದಿಷ್ಟು ಹೊತ್ತು ತಡವರಿಸುತ್ತದೆ, ಅಷ್ಟೇ.

ಆ ದುರಂತದ ಬಗ್ಗೆ ಓದಿದಾಗಲೆಲ್ಲ ನನ್ನನ್ನು ಕಾಡುವುದು ಈ ಅಂಕಿಯೇ. ಮಾಪಕ ಸುಳ್ಳು ಹೇಳಲಿಲ್ಲ. ಮಳೆಯ ತೀವ್ರ ಭಾಗ ಅದು ಇದ್ದ ಕಡೆ ಬೀಳಲಿಲ್ಲ. ಗಂಟೆಗೆ 100 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಮಳೆ ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನಷ್ಟು ಪುಟ್ಟ ಪ್ರದೇಶದಲ್ಲಿ ಸುರಿಯುವುದನ್ನು ಮೇಘಸ್ಫೋಟ ಎನ್ನುತ್ತಾರೆ. ಲಡಾಖಿನಂಥ ನಾಡಿನಲ್ಲಿ ಒಂದು ಕಣಿವೆಯ ಜನ ನಕ್ಷತ್ರ ಎಣಿಸುತ್ತಿರುವಾಗ ಪಕ್ಕದ ಕಣಿವೆ ಕೊಚ್ಚಿಹೋಗಬಹುದು.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ಹಿಮಾಲಯದ ಮಳೆನೆರಳಿನಲ್ಲಿ. ಅಲ್ಲಿನ ವಾರ್ಷಿಕ ಮಳೆ, ಹಿಮ ಎರಡೂ ಸೇರಿ ಸುಮಾರು 100 ಮಿ.ಮೀ. ಮುಂಗಾರು ಅಲ್ಲಿಗೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಮಣ್ಣಿನ ಇಟ್ಟಿಗೆಯ ಗೋಡೆ, ಪಾಪ್ಲರ್ ಮರದ ತೊಲೆ ಹಾಕಿ ಮಣ್ಣು ಮೆತ್ತಿದ ಚಪ್ಪಟೆ ಮಾಳಿಗೆಯ ಮನೆಗಳು ಎದ್ದು ನಿಂತವು. ಆದರೆ 2010ರಲ್ಲಿ ಟಿಬೆಟ್ ಪ್ರಸ್ಥಭೂಮಿಯ ಮೇಲೆ ಹಗಲಿನ ಕಾವಿಗೆ ಸತತ ಮೂರು ದಿನ ಎದ್ದ ಗುಡುಗುಮೋಡಗಳು ಒಂದುಗೂಡಿ ಪಶ್ಚಿಮಕ್ಕೆ ಸರಿದವು. ಪ್ರಸ್ಥಭೂಮಿಯ ಅಂಚಿನಲ್ಲಿ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ತೇವಾಂಶ ಅವುಗಳಿಗೆ ದೊರೆಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ರಿಸ್ಟನ್ ರಾಸ್ಮುಸೆನ್ ಮತ್ತು ರಾಬರ್ಟ್ ಹೌಜ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿವರಿಸುತ್ತದೆ. ಮರಗಿಡಗಳಿಲ್ಲದ ಇಳಿಜಾರಿನ ಸಡಿಲ ಕಲ್ಲು ಮಣ್ಣು ಉಳಿದ ಕೆಲಸ ಮಾಡಿತು.

ಮುನ್ಸೂಚನೆಯ ಭಾಷೆಯ ಬಗ್ಗೆಯೂ ನನಗೆ ತಕರಾರಿದೆ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 'ಭಾರಿ ಮಳೆ' ಎನಿಸಿಕೊಳ್ಳಲು 24 ಗಂಟೆಗಳಲ್ಲಿ 64.5 ಮಿ.ಮೀ. ಬೀಳಬೇಕು. ಅದು ಲೇಹ್‌ನ ವರ್ಷದ ಮಳೆಯ ಅರ್ಧಕ್ಕಿಂತಲೂ ಹೆಚ್ಚು! ಇನ್ನು ಬಿದ್ದ ಮಳೆಯ ತಿಂಗಳ ಲೆಕ್ಕ. ವಾಡಿಕೆಗಿಂತ ಶೇ 20ರಷ್ಟು ಹೆಚ್ಚಾದರೆ 'ಅಧಿಕ', ಅಷ್ಟೇ ಕಡಿಮೆಯಾದರೆ 'ಕೊರತೆ'. ಲೇಹ್‌ನಲ್ಲಿ ಜುಲೈ ತಿಂಗಳ ವಾಡಿಕೆ ಮಳೆಯೇ ಸುಮಾರು 15 ಮಿ.ಮೀ. ಆಗಿರುವಾಗ, ಮೂರೇ ಮಿಲಿಮೀಟರ್ ಏರುಪೇರು ಈ ಹಣೆಪಟ್ಟಿಯನ್ನು ಬದಲಿಸಬಲ್ಲದು. 'ವಾಡಿಕೆಯಷ್ಟು ಮಳೆ' ಎಂಬ ಮಾತನ್ನು ನೆಚ್ಚಿ ಹಳ್ಳದ ದಂಡೆಯಲ್ಲಿ ನೆಮ್ಮದಿಯಾಗಿ ಮಲಗುವಂತಿಲ್ಲ. ಮಲೆನಾಡಿಗೂ ಮರುಭೂಮಿಗೂ ಒಂದೇ ಅಳತೆಗೋಲು ಹಿಡಿದರೆ ಎಚ್ಚರಿಕೆ ಯಾರ ಕಿವಿಗೂ ತಲುಪದು. ಅಲ್ಲಿನ ನೆಲ ಎಷ್ಟು ಮಳೆಗೆ ಜಾರುತ್ತದೆ ಎಂಬುದರ ಮೇಲೆ ಅಲ್ಲಿನ ಮಿತಿ ನಿಗದಿಯಾಗಬೇಕು.

ಏನೂ ಆಗಿಲ್ಲವೆಂದಲ್ಲ. 2020ರ ಡಿಸೆಂಬರ್‌ನಲ್ಲಿ ಲೇಹ್‌ನಲ್ಲಿ ಹವಾಮಾನ ಕೇಂದ್ರ ಆರಂಭವಾಯಿತು; 2022ರ ಜನವರಿಯಲ್ಲಿ ಡಾಪ್ಲರ್ ರಾಡಾರ್ ಉದ್ಘಾಟನೆಗೊಂಡಿತು. ಎರಡೂ ಸ್ವಾಗತಾರ್ಹವೇ. ಆದರೆ ರಾಡಾರಿನ ಕಿರಣ ಪರ್ವತವನ್ನು ಹಾಯ್ದು ಆಚೆಗೆ ಹೋಗಲಾರದು. ಸುಮಾರು 59 ಸಾವಿರ ಚದರ ಕಿಲೋಮೀಟರ್ ವಿಸ್ತಾರದ, ಕಣಿವೆಗಳೇ ತುಂಬಿದ ನಾಡಿಗೆ ಒಂದು ರಾಡಾರ್ ಎಂದರೆ ಕತ್ತಲ ಬೀದಿಗೆ ಒಂದು ಕಂದೀಲು ಇದ್ದಂತೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಜಾಲ ನಿರ್ಮಿಸಿ, ಸಹಾಯವಾಣಿಯ ಮೂಲಕ ರೈತರಿಗೆ ಮಾಹಿತಿ ಕೊಡುವ ಏರ್ಪಾಡು ಆಗಿದೆ. ಅಂಥ ಜಾಲ ಲಡಾಖಿಗೆ ಇನ್ನೂ ಹೆಚ್ಚು ಅಗತ್ಯ; ಅದೂ ಪಟ್ಟಣದ ಕಚೇರಿಯ ಅಂಗಳದಲ್ಲಲ್ಲ, ಹಳ್ಳಗಳು ಹುಟ್ಟುವ ಎತ್ತರದಲ್ಲಿ. ಮೇಲೆ ಮಳೆ ಬಿದ್ದ ಕ್ಷಣಕ್ಕೂ ಕೆಳಗೆ ಕೆಸರು ತಲುಪುವ ಕ್ಷಣಕ್ಕೂ ನಡುವೆ ಸಿಗುವ ಕೆಲವೇ ನಿಮಿಷಗಳಲ್ಲಿ ಊರಿನ ಸೈರನ್ ಕೂಗಿದರೆ ಜನ ದಂಡೆ ಬಿಟ್ಟು ಏರುದಾರಿ ಹಿಡಿಯಬಹುದು. ಹತ್ತು ಬಾರಿ ಸುಳ್ಳಾಗಿ ಕೂಗಿದರೂ ಚಿಂತೆಯಿಲ್ಲ.

ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಹಳ್ಳಗಳು ಕಣಿವೆಗೆ ಇಳಿಯುವಲ್ಲಿ ಬೀಸಣಿಗೆಯಂತೆ ಹರಡಿದ ಮೆಕ್ಕಲು ನೆಲವಿದೆ. ಹಿಂದಿನ ಪ್ರವಾಹಗಳೇ ಅದನ್ನು ತಂದು ಹಾಕಿದವು. ಸಮತಟ್ಟಾದ, ಕಟ್ಟಲು ಸುಲಭವಾದ ಜಾಗವೂ ಅದೇ. ಪ್ರವಾಸಿಗರಿಗಾಗಿ ಅಲ್ಲಿ ಹೋಟೆಲು, ಡೇರೆಗಳು ಏಳುವುದನ್ನು ತಡೆಯುವುದು ಯಾವ ಆಡಳಿತಕ್ಕೂ ಪ್ರಿಯವಾದ ಕೆಲಸವಲ್ಲ. ಬೆಂಗಳೂರಿನಿಂದ ಬೈಕ್ ಏರಿ ಹೊರಡುವ ನಮ್ಮ ಹುಡುಗರು ಅಲ್ಲಿ ತಂಗುವುದೂ ಜುಲೈ, ಆಗಸ್ಟ್‌ನಲ್ಲೇ. ನಮ್ಮಲ್ಲಿ ಆಶ್ಲೇಷಾ ಮಳೆ ಸುರಿಯುವ ಹೊತ್ತಿಗೆ ಅಲ್ಲಿ ಆಕಾಶ ನೀಲಿಯಾಗಿರುತ್ತದೆಂಬ ಭರವಸೆ ಅವರದು.

ಹಿಮ ಕರಗಿ ಎತ್ತರದ ದಾರಿಗಳು ತೆರೆಯುವುದು ಮೇ, ಜೂನ್ ಹೊತ್ತಿಗೆ. ಮಳೆಮೋಡ ಜುಲೈನಲ್ಲೇ ಬರಬಹುದು. ಆ ಬೆಟ್ಟಗಳ ನೆತ್ತಿಯಲ್ಲಿ ಮಾಪಕ ನೆಡಲು ವರ್ಷಕ್ಕೆ ಸಿಗುವ ಕಾಲಾವಕಾಶ ಅಷ್ಟೇ.